ಅರುವತ್ತು ಸೆಂಟ್ಸ್ ಜಾಗದ ಒಂದು ವರ್ಷ: ಉಡುಪಿ ಕಡೆಯ ಮನೆ-ತೋಟಕ್ಕೆ ಸಮಗ್ರ ಮಾರ್ಗದರ್ಶಿ

ಮೇ ತಿಂಗಳ ಕೊನೆಯ ವಾರ ನಮ್ಮ ಕಡೆ ಮರ ಹತ್ತುವವರು ಯಾರಿಗೂ ಸಿಗುವುದಿಲ್ಲ. ಅಡಿಕೆಗೆ ಕೊಳೆರೋಗದ ಮದ್ದು ಬಿಡುವುದು, ತೆಂಗಿನ ಒಣ ಮಡಲು ಇಳಿಸುವುದು, ಹಂಚಿನ ಮಾಡು ಸರಿ ಮಾಡಿಸುವುದು ಎಲ್ಲರಿಗೂ ಅದೇ ವಾರ ಆಗಬೇಕು. ಶಿರ್ವದ ಹತ್ತಿರ ಅರುವತ್ತು ಸೆಂಟ್ಸ್ ಜಾಗಕ್ಕೆ ಬಂದ ಮೊದಲ ವರ್ಷ ನಾನು ಮೇ 28ಕ್ಕೆ ಫೋನ್ ಮಾಡಿದೆ. "ಈಗ ಹೇಳಿದ್ರೆ ಹೇಗೆ ಮಾರಾಯ್ರೇ, ಬಿಸು ಕಳೆದ ಕೂಡಲೇ ಹೇಳ್ಬೇಕಿತ್ತು" ಅಂದರು. ಬಿಸು ಅಂದರೆ ತುಳುವರ ಹೊಸ ವರ್ಷ. ಆ ವರ್ಷ ನಮ್ಮ ಮರಗಳಿಗೆ ಮದ್ದು ಬೀಳಲಿಲ್ಲ. ಜುಲೈಯಲ್ಲಿ ಬೆಳಿಗ್ಗೆ ತೋಟಕ್ಕೆ ಇಳಿದರೆ ಎಳೆ ಅಡಿಕೆ ಕೊಳೆತು ಬುಡದ ತುಂಬ ಹಾಸಿಕೊಂಡಿರುತ್ತಿತ್ತು. ಕೈಯಲ್ಲಿ ಹಿಡಿದರೆ ಮೇಲೆ ಹತ್ತಿಯಂಥ ಬಿಳಿ ಬೂಸು.

ಈ ಊರಲ್ಲಿ ಒಂದು ಕಾಲದ ಕೆಲಸವನ್ನು ಅದರ ಹಿಂದಿನ ಕಾಲದಲ್ಲೇ ಮಾಡಿ ಮುಗಿಸಬೇಕು. ಅದು ನನಗೆ ಸರಿಯಾಗಿ ಗೊತ್ತಾಗಲು ಮೂರು ವರ್ಷ ಬೇಕಾಯಿತು. ಬೆಂಗಳೂರು, ಮುಂಬೈ ಬಿಟ್ಟು ಊರಲ್ಲಿ ಒಂದು ತುಂಡು ಜಾಗ ಮಾಡಿಕೊಂಡವರಿಗೆ ಆ ಮೂರು ವರ್ಷ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಆಕಾಶದಿಂದ ಹೆಚ್ಚೇನೂ ಸಿಗುವುದಿಲ್ಲ. ನಾಲ್ಕು ತಿಂಗಳು ನೀರನ್ನು ದಾರಿ ಮಾಡಿ ಕಳಿಸಬೇಕು, ಉಳಿದ ಎಂಟು ತಿಂಗಳು ಅದೇ ನೀರನ್ನು ಹಿಡಿದಿಟ್ಟುಕೊಂಡು ಬದುಕಬೇಕು. ಬಾಕಿ ಕೆಲಸಗಳೆಲ್ಲ ಇದರ ಹಿಂದೆಯೇ ಬರುತ್ತವೆ.

ಮೊದಲ ಮಳೆಗಾಲ ನೋಡುವುದಕ್ಕೆ

ಹೊಸದಾಗಿ ಜಾಗ ತಗೊಂಡಿದ್ದರೆ ಮೊದಲ ಮಳೆಗಾಲ ಮುಗಿಯುವ ತನಕ ಜೆಸಿಬಿ ತರಿಸಬೇಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ. ಗುಡ್ಡೆ ಸಮ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಆದರೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗುವುದು ಜೋರು ಮಳೆಯಲ್ಲೇ.

ಮೊದಲು ನಿಮ್ಮ ಜಾಗ ಯಾವ ಜಾತಿಯದ್ದು ಅಂತ ತಿಳಿದುಕೊಳ್ಳಿ. ಹಿರಿಯರು ಗದ್ದೆಗಳನ್ನು ಮೂರು ಬಗೆ ಮಾಡಿದ್ದಾರೆ. ಎತ್ತರದಲ್ಲಿದ್ದು ಮಳೆ ನೀರನ್ನೇ ನಂಬಿದ್ದು ಬೆಟ್ಟು. ನಡುವಿನದ್ದು ಮಜಲು. ತಗ್ಗಿನಲ್ಲಿ ನೀರು ನಿಲ್ಲುವಂಥದ್ದು ಬೈಲು. ಬೈಲಲ್ಲಿ ನೀರು ಬಸಿಯಲು ದಾರಿ ಮಾಡದೆ ಅಡಿಕೆ ನೆಟ್ಟರೆ ಬೇರು ಕೊಳೆಯುತ್ತದೆ. ಬೆಟ್ಟಿನಲ್ಲಿ ನೀರಾವರಿ ಇಲ್ಲದೆ ನೆಟ್ಟರೆ ಮಾರ್ಚ್‌ನಲ್ಲಿ ಸೋಗೆ ಹಳದಿಯಾಗುತ್ತದೆ. ಪಕ್ಕದ ಮನೆಯ ಹಿರಿಯರನ್ನು ಕೇಳಿದರೆ ನಿಮ್ಮ ಜಾಗದ ಹಳೆಯ ಹೆಸರು ಹೇಳುತ್ತಾರೆ. ಎಷ್ಟೋ ಸಲ ಆ ಹೆಸರಿನಲ್ಲೇ ಬೆಟ್ಟೋ ಬೈಲೋ ಇರುತ್ತದೆ.

ಆಮೇಲೆ ಜುಲೈಯಲ್ಲಿ, ಮಳೆ ಒಂದೇ ಸಮ ಹೊಡೆಯುತ್ತಿರುವಾಗ, ಕೊಡೆ ಹಿಡಿದು ಜಾಗವಿಡೀ ಒಂದು ಸುತ್ತು ಬನ್ನಿ. ಕೈಯಲ್ಲಿ ಹತ್ತಿಪ್ಪತ್ತು ಕೋಲು ಇರಲಿ. ನೀರು ಹರಿಯುವ ಕಡೆ ಒಂದು, ನಿಲ್ಲುವ ಕಡೆ ಒಂದು, ಮಣ್ಣು ಕೊಚ್ಚಿಕೊಂಡು ಹೋಗುವ ಕಡೆ ಒಂದು ಊರಿ. ಬಿಸಿಲು ಬಂದ ಮೇಲೆ ಆ ಕೋಲುಗಳೇ ನಿಮ್ಮ ನಕ್ಷೆ.

ನಾನು ಇದನ್ನು ಮಾಡದೆ ಇಂಗುಗುಂಡಿ ತೋಡಿದೆ. ಮನೆಯ ಹಿಂದೆ ಎಂಟು ಅಡಿ ಎತ್ತರದ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಇತ್ತು. ಅದರ ತಲೆಯ ಮೇಲೇ ಗುಂಡಿ. ಗುಂಡಿ ತುಂಬಿತು, ನೀರು ಚೆನ್ನಾಗಿಯೇ ಇಂಗಿತು. ಆಗಸ್ಟ್‌ನ ಒಂದು ರಾತ್ರಿ ಬರೆ ಜರಿದು ಬಚ್ಚಲು ಮನೆಯ ಗೋಡೆಗೆ ಬಂದು ನಿಂತಿತು. ಒಳಗೆ ಯಾರೂ ಇರಲಿಲ್ಲ, ನಮ್ಮ ಪುಣ್ಯ. ಇಂಗುಗುಂಡಿ ಒಳ್ಳೆಯದೇ. ಆದರೆ ಕಡಿದ ಬರೆಯ ಮೇಲೆ, ಮನೆಯ ಪಂಚಾಂಗದ (ಅಡಿಪಾಯದ) ಹತ್ತಿರ, ಪಾಗಾರದ (ಆವರಣ ಗೋಡೆಯ) ಬುಡದಲ್ಲಿ ಬೇಡವೇ ಬೇಡ. ಜಾಗ ಸಮವಿರುವ ಕಡೆ, ಬಾವಿಗಿಂತ ಮೇಲಿನ ಬದಿಯಲ್ಲಿ ಇರಲಿ.

ಬಿಸುವಿನಿಂದ ಪತ್ತನಾಜೆ ತನಕ

ಏಪ್ರಿಲ್ ನಡುವಿನ ಬಿಸುವಿನಿಂದ ಮೇ 24ರ ಹೊತ್ತಿಗೆ ಬರುವ ಪತ್ತನಾಜೆವರೆಗೆ ಸುಮಾರು ನಲುವತ್ತು ದಿನ. ವರ್ಷದ ಗಟ್ಟಿ ಕೆಲಸ ಇದರಲ್ಲೇ ಇರುವುದು. ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ-ನೇಮ ನಿಲ್ಲುತ್ತವೆ. ನಿಮ್ಮ ಹೊರಗಿನ ಕೆಲಸವೂ ಅಷ್ಟರೊಳಗೆ ಮುಗಿದಿರಬೇಕು. ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಜೂನ್ ಮೊದಲ ವಾರ ಬರುತ್ತದೆ. ಒಂದೆರಡು ವಾರ ಬೇಗ ಬಂದ ವರ್ಷಗಳೂ ಇವೆ.

ಮೊದಲು ಕಣಿ, ಅಂದರೆ ನೀರು ಬಸಿಯುವ ಕಾಲುವೆ, ಬಿಡಿಸಿ. ತೋಟದ ಕಣಿಗಳಲ್ಲಿ ವರ್ಷವಿಡೀ ಸೋಗೆ, ಅಡಿಕೆ ಹಾಳೆ, ಮಣ್ಣು ತುಂಬಿರುತ್ತದೆ. ಹಾರೆ ಹಿಡಿದು ಕೆಳಗಿನ ತುದಿಯಿಂದ ಶುರು ಮಾಡಿ ಮೇಲಕ್ಕೆ ಬನ್ನಿ. ಮೇಲಿನಿಂದ ಶುರು ಮಾಡಿದರೆ ನಡುವೆ ಒಂದು ಮಳೆ ಬಂದಾಗ ನೀರೆಲ್ಲ ಬಿಡಿಸದ ಭಾಗದಲ್ಲಿ ಕಟ್ಟಿ ತೋಟಕ್ಕೆ ನುಗ್ಗುತ್ತದೆ. ಕಣಿ ಅಡಿಕೆ ಬೇರಿಗಿಂತ ಆಳವಾಗಿರಬೇಕು, ನಮ್ಮಲ್ಲಿ ಎರಡರಿಂದ ಎರಡೂವರೆ ಅಡಿ ಇಟ್ಟಿದ್ದೇವೆ. ತೆಗೆದ ಕಪ್ಪು ಮಣ್ಣನ್ನು ಮರದ ಬುಡಕ್ಕೇ ಹಾಕಿ, ಒಳ್ಳೆಯ ಗೊಬ್ಬರ ಅದು.

ಮಾಡಿನ ನೀರಿಗೂ ಈಗಲೇ ದಾರಿ ಮಾಡಬೇಕು. ಲೆಕ್ಕ ಸುಲಭ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಸಾವಿರ ಚದರ ಅಡಿ ಮಾಡು ಅಂದರೆ ಸುಮಾರು 93 ಚದರ ಮೀಟರ್. ನಮ್ಮ ಮಳೆಗೆ, ಹಾಳಾಗುವುದನ್ನು ಬಿಟ್ಟರೂ, ವರ್ಷಕ್ಕೆ ಮೂರು ಲಕ್ಷ ಲೀಟರ್‌ನಷ್ಟು ನೀರು ಆ ಒಂದು ಮಾಡಿನಿಂದ ಇಳಿಯುತ್ತದೆ. ಮಾಡಿನ ಅಂಚಿಗೆ ದಂಬೆ (ನೀರು ಹರಿಯುವ ದೋಣಿ) ಕಟ್ಟಿ, ಪೈಪಿನಲ್ಲಿ ತಂದು, ಜಲ್ಲಿ-ಇದ್ದಿಲು-ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಬಿಡಿ. ಮೊದಲ ನಾಲ್ಕೈದು ಮಳೆಯ ನೀರು ಬಾವಿಗೆ ಬೇಡ. ಬೇಸಿಗೆಯ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಅದರಲ್ಲಿರುತ್ತದೆ.

ಇನ್ನು ಅಡಿಕೆಯ ಮದ್ದು. ಮಳೆ ಶುರುವಾಗುವ ಮೊದಲು ಒಂದು ಸಲ, ಅದಾಗಿ 40–45 ದಿನಕ್ಕೆ ಇನ್ನೊಂದು ಸಲ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತು-ಸುಣ್ಣದ ಮದ್ದು, ಬಿಡಬೇಕು. ಮಳೆ ಮತ್ತೂ ಎಳೆದರೆ ಮೂರನೆಯದ್ದೂ ಬೇಕಾಗುತ್ತದೆ. ಮಾಡಿದ್ದು ಸರಿಯಾಗದಿದ್ದರೆ ಮರ ಹತ್ತಿಸಿದ ಕೂಲಿಯೂ ದಂಡ. ಹಾಗಾಗಿ ಇದನ್ನು ಮಾತ್ರ ಹಂತ ಹಂತವಾಗಿ ಹೇಳುತ್ತೇನೆ. ಶೇಕಡಾ ಒಂದರ ದ್ರಾವಣಕ್ಕೆ, ನೂರು ಲೀಟರ್ ಲೆಕ್ಕ ಇದು.

1. ಹಿಂದಿನ ರಾತ್ರಿ 1 ಕಿಲೋ ಮೈಲುತುತ್ತನ್ನು (ತಾಮ್ರದ ಸಲ್ಫೇಟ್) ಬಟ್ಟೆಯಲ್ಲಿ ಕಟ್ಟಿ, 50 ಲೀಟರ್ ನೀರಿರುವ ಪ್ಲಾಸ್ಟಿಕ್ ಡ್ರಮ್ಮಿನ ಬಾಯಿಯ ಹತ್ತಿರ, ಮುಳುಗುವಷ್ಟು ಮಾತ್ರ ನೇತುಹಾಕಿ. ತಳಕ್ಕೆ ಹಾಕಿದರೆ ಬೆಳಿಗ್ಗೆ ಗಂಟು ಹಾಗೇ ಇರುತ್ತದೆ. ಮೇಲೆ ನೇತುಹಾಕಿದರೆ ಕರಗಿದ ಭಾರದ ನೀರು ತಾನೇ ಕೆಳಗಿಳಿಯುತ್ತದೆ.
2. ಇನ್ನೊಂದು ಡ್ರಮ್ಮಿನಲ್ಲಿ 1 ಕಿಲೋ ಹೊಸ ಸುಣ್ಣ. ನೀರು ಚಿಮುಕಿಸಿದರೆ ಕೂಡಲೇ ಕುದಿಯಬೇಕು, ಕುದಿಯದಿದ್ದರೆ ಹಳೆಯದು. ಹರಳು ಪುಡಿಯಾದ ಮೇಲೆ ನೀರು ಸೇರಿಸಿ 50 ಲೀಟರ್ ಮಾಡಿ ಬಟ್ಟೆಯಲ್ಲಿ ಸೋಸಿ.
3. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಿಂದ ಕದಡುತ್ತಾ ಇರಿ. ಸುಣ್ಣವನ್ನು ಮೈಲುತುತ್ತಿಗೆ ಹೊಯ್ಯಬೇಡಿ. ಕಬ್ಬಿಣ, ತಗಡಿನ ಪಾತ್ರೆಗಳನ್ನು ಹತ್ತಿರ ತರಬೇಡಿ.
4. ತಿಳಿ ಆಕಾಶದ ಬಣ್ಣ ಬಂದ ಮೇಲೆ ಚೆನ್ನಾಗಿ ಮಸೆದು ತೊಳೆದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಹೊಳಪು ಹಾಗೇ ಇದ್ದರೆ ಸರಿ. ಇಟ್ಟಿಗೆ ಬಣ್ಣದ ಪೊರೆ ಕಟ್ಟಿದರೆ ತಾಮ್ರ ಬಿಡಿಯಾಗಿ ಉಳಿದಿದೆ ಅಂತ ಅರ್ಥ, ಅದು ಎಳೆಕಾಯಿಯನ್ನು ಸುಡುತ್ತದೆ. ಸುಣ್ಣದ ನೀರು ಇನ್ನೂ ಸ್ವಲ್ಪ ಹೊಯ್ದು ಮತ್ತೆ ಕತ್ತಿ ಅದ್ದಿ ನೋಡಿ.
5. ಅದೇ ದಿನ ಬಿಟ್ಟು ಮುಗಿಸಿ. ಮರುದಿನಕ್ಕೆ ಇಟ್ಟದ್ದು ಪ್ರಯೋಜನಕ್ಕಿಲ್ಲ.

ಗೊನೆ ಒಣಗಿರುವಾಗ ಬಿಡಬೇಕು, ಗೊನೆಯ ಎಲ್ಲ ಬದಿಗೂ ತಾಗಬೇಕು. ಮೇಲೆ ನೋಡುತ್ತಾ ಪೈಪ್ ಹಿಡಿಯುವವರು ಕನ್ನಡಕ ಹಾಕಲೇಬೇಕು. ಹತ್ತಿರ ಬಾವಿ ಇದ್ದರೆ ಅದರ ಬಾಯಿಗೆ ಟಾರ್ಪಾಲ್ ಹಾಸಿ. ಇಷ್ಟು ಮಾಡಿಯೂ ಒಂದೆರಡು ಗೊನೆಗೆ ಕೊಳೆರೋಗ ಬಂದರೆ ಉದುರಿದ್ದನ್ನು ಹೆಕ್ಕಿ ತೋಟದಿಂದ ಹೊರಗೆ ಹಾಕಿ.

ಇದೇ ಸಮಯದಲ್ಲಿ ಅಡುಗೆ ಮನೆಯ ಕೆಲಸವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಾಜಾ ಮೀನು ಕಡಿಮೆ. ಮಳೆಗೆ ತರಕಾರಿ ಬಳ್ಳಿಗಳೂ ಇನ್ನೂ ಎಳೆಯವು. ಹಾಗಾಗಿ ಮೀನು ತಿನ್ನುವವರು ಒಣಮೀನು ಕಟ್ಟಿಡುತ್ತಾರೆ. ಉಳಿದಂತೆ ಎಲ್ಲರ ಮನೆಯಲ್ಲೂ ಹಲಸು, ಸೌತೆ, ಪುನರ್ಪುಳಿ (ಕೋಕಂ).

ಸೌತೆಕಾಯಿ ಕಟ್ಟುವುದನ್ನು ನನಗೆ ಕಲಿಸಿದ್ದು ಪಕ್ಕದ ಮನೆಯ ಅಜ್ಜಿ. ಗದ್ದೆಯಲ್ಲಿ ಬೆಳೆದ ನಮ್ಮ ಸೌತೆ ಪೂರ್ತಿ ಬಲಿತು ಹಳದಿ ಪಟ್ಟೆ ಬಂದಿರಬೇಕು. ತೊಟ್ಟು ಮುರಿಯದೆ ಕತ್ತರಿಸಬೇಕು. ಅಜ್ಜಿ ಒಂದೊಂದನ್ನೂ ಅಂಗೈಯಲ್ಲಿಟ್ಟು ತಿರುಗಿಸಿ, ಉಗುರಿನ ಗೀರು ಇದ್ದದ್ದನ್ನೂ ಬದಿಗೆ ಹಾಕುತ್ತಿದ್ದರು. "ಇದನ್ನು ಈ ವಾರವೇ ಸಾಂಬಾರು ಮಾಡು ಮಗಾ, ಮೇಲೆ ಕಟ್ಟಿದರೆ ಪಕ್ಕದ್ದನ್ನೂ ಕೊಳೆಸುತ್ತದೆ." ಒಳ್ಳೆಯದ್ದನ್ನು ಬಾಳೆನಾರಿನಲ್ಲಿ ಸೊಂಟಕ್ಕೊಂದು ಸುತ್ತು ಹಾಕಿ, ಒಂದಕ್ಕೊಂದು ತಾಗದ ಹಾಗೆ ಅಟ್ಟದ ಪಕ್ಕಾಸಿಗೆ (ಮಾಡಿನ ಮರದ ಪಟ್ಟಿಗೆ) ನೇತುಹಾಕುವುದು. ಒಲೆಯ ಹೊಗೆ ತಾಗುವ ಕಡೆಯಾದರೆ ಇನ್ನೂ ಒಳ್ಳೆಯದು. ಹೀಗೆ ಕಟ್ಟಿದ್ದು ನಮ್ಮಲ್ಲಿ ಚೌತಿವರೆಗೂ ಉಳಿದದ್ದಿದೆ. ಕುಂಬಳವನ್ನೂ ಹೀಗೇ ಇಡಬಹುದು.

ಹಲಸಿನ ಬಲಿತ ಸೊಳೆಯನ್ನು ಉಪ್ಪಿನ ಜೊತೆ ಪದರ ಪದರವಾಗಿ ಭರಣಿಗೆ ತುಂಬಿ ಮೇಲೆ ಭಾರ ಇಟ್ಟರೆ ಉಪ್ಪುಸೊಳೆ. ಪುನರ್ಪುಳಿ ಹಣ್ಣು ಮಾಡಿ, ಬೀಜ ತೆಗೆದು, ಸಿಪ್ಪೆಯನ್ನು ಅದರದ್ದೇ ರಸದಲ್ಲಿ ಅದ್ದಿ ಅದ್ದಿ ಐದಾರು ಬಿಸಿಲು ಒಣಗಿಸಿ. ಹಪ್ಪಳಕ್ಕೂ ಬಿಸಿಲು ಬೇಕು. ಮೇ ತಿಂಗಳ ಸಂಜೆ ಮೋಡ ಕಂಡರೆ ಮೊದಲು ಒಳಗೆ ತರಬೇಕಾದ್ದು ಇವನ್ನೇ. ಆ ಹೊತ್ತಿಗೆ ಸಿಡಿಲೂ ಜಾಸ್ತಿ, ಪಂಪಿನ ಪ್ಲಗ್ ತೆಗೆದಿಡಿ.

ಸೌದೆ ಎಷ್ಟು ಬೇಕು ಅಂದುಕೊಂಡಿದ್ದೀರೋ ಅದರ ಒಂದೂವರೆ ಪಾಲು ಒಳಗೆ ಹಾಕಿ. ಬೆಂಡೆ, ಹೀರೆ, ಪಡುವಲ, ಮುಳ್ಳುಸೌತೆ ಬೀಜ ಪತ್ತನಾಜೆ ಸುಮಾರಿಗೆ ಮಣ್ಣಿಗೆ ಬೀಳಲಿ, ಎತ್ತರದ ಏರಿ ಮಾಡಿ. ಜೋರು ಮಳೆ ಹಿಡಿಯುವ ಮೊದಲು ಬಳ್ಳಿ ಚಪ್ಪರ ಹತ್ತಬೇಕು.

ಮಳೆಯೊಳಗಿನ ದಿನಗಳು

ಜೂನ್ ಮಧ್ಯದಿಂದ ತುಳು ತಿಂಗಳು ಆಟಿ ಮುಗಿಯುವ ತನಕ, ಅಂದರೆ ಆಗಸ್ಟ್ ಮಧ್ಯದವರೆಗೆ, ಹೊಸ ಕೆಲಸ ಹಚ್ಚಿಕೊಳ್ಳಬೇಡಿ. ಗಿಡ ನೆಡುವುದಿದ್ದರೆ ಜೂನ್‌ನ ಮೊದಲ ಮಳೆಗಳಲ್ಲೇ ನೆಡಿ. ಅಡಿಕೆ ಸಸಿಗೆ ಒಂಬತ್ತು ಅಡಿ ಅಂತರ, ತೆಂಗಿಗೆ ಇಪ್ಪತ್ತೈದು ಅಡಿ. ಇಕ್ಕಟ್ಟಾಗಿ ನೆಟ್ಟು ನಾಲ್ಕು ಮರ ಜಾಸ್ತಿ ಮಾಡುವ ಆಸೆ ಬೇಡ. ಕಾಳುಮೆಣಸಿನ ಬಳ್ಳಿಯ ಬುಡದಲ್ಲಿ ನೀರು ನಿಂತರೆ ಸೊರಗು ರೋಗಕ್ಕೆ ಒಂದೇ ವಾರ ಸಾಕು.

ಗೊಬ್ಬರವನ್ನು ಈ ಮಳೆಗೆ ಹಾಕಬೇಡಿ, ತೋಡಿಗೆ (ಹಳ್ಳಕ್ಕೆ) ಹಾಕಿದ ಹಾಗೆ.

ಮಳೆಗಾಲದಲ್ಲಿ ಹೆದರಬೇಕಾದ್ದು ಇಲಿಜ್ವರಕ್ಕೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೂ ಸಾಕು. ಕಣಿಗೆ, ಗದ್ದೆಗೆ ಇಳಿಯುವಾಗ ಗಂಬೂಟು ಹಾಕಿ. ಕೆಲಸಕ್ಕೆ ಬರುವವರಿಗೂ ತೆಗೆಸಿಕೊಡಿ. ಜ್ವರದ ಜೊತೆ ಮೀನಖಂಡ ಹಿಂಡಿದ ಹಾಗೆ ನೋವು, ಕಣ್ಣು ಕೆಂಪು ಇದ್ದರೆ ಎರಡನೇ ದಿನಕ್ಕೆ ಕಾಯದೆ ಡಾಕ್ಟರ ಹತ್ತಿರ ಹೋಗಿ, ನೀರಲ್ಲಿ ಕೆಲಸ ಮಾಡಿದ್ದನ್ನು ನೀವೇ ಹೇಳಿ. ಸೌದೆ ರಾಶಿಗೆ, ಹಾಳೆ ರಾಶಿಗೆ ಬರಿಗೈ ಹಾಕಬೇಡಿ. ಕೊಳಕುಮಂಡಲ ಹಾವು ಅಂಥಲ್ಲೇ ಮಲಗುವುದು. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಮಾಡದೆ ಸೀದಾ ಆಸ್ಪತ್ರೆಗೆ.

ಆಟಿ ಅಮಾವಾಸ್ಯೆಯ ದಿನ ಹಾಲೆ ಮರದ ಕಷಾಯ ಕುಡಿಯುವುದು ನಮ್ಮಲ್ಲಿ ಎಲ್ಲ ಮನೆಯ ಕ್ರಮ. ತುಳುವಿನಲ್ಲಿ ಪಾಲೆ ಅನ್ನುತ್ತಾರೆ. ಬೆಳಕಾಗುವ ಮೊದಲೇ ಹೋಗಿ, ಕತ್ತಿ ಮುಟ್ಟಿಸದೆ, ಕಲ್ಲಿನಲ್ಲಿ ಜಜ್ಜಿ ತೊಗಟೆ ತರುತ್ತಾರೆ. ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುತ್ತಾರೆ. ಕುಡಿದ ಮೇಲೆ ಮೆಂತೆ ಗಂಜಿ. ಹೊಸಬರಿಗೆ ನನ್ನ ಮಾತು ಒಂದೇ. ಕತ್ತಲಲ್ಲಿ ಮರ ಹುಡುಕಬೇಡಿ. ಹಿಂದಿನ ದಿನ ಬೆಳಕಿರುವಾಗಲೇ ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ಮರಕ್ಕೆ ನೂಲು ಕಟ್ಟಿ ಬನ್ನಿ. ಹಾಲೆಯ ಎಲೆಗಳು ಒಂದೇ ಗಂಟಿನಿಂದ ಸುತ್ತಲೂ ಏಳರ ಹಾಗೆ ಹರಡಿರುತ್ತವೆ, ಗೀರಿದರೆ ಬಿಳಿ ಹಾಲು ಬರುತ್ತದೆ. ಅದೇ ಗುಡ್ಡೆಯಲ್ಲಿ ಕಾಸರ್ಕನ ಮರವೂ ಇರುತ್ತದೆ, ಅದರ ತೊಗಟೆ ವಿಷ. ಸಂಶಯ ಬಂದರೆ ಆ ವರ್ಷ ಕುಡಿಯುವುದೇ ಬೇಡ, ಬರೀ ಗಂಜಿ ಉಂಡರಾಯಿತು.

ಇಷ್ಟಾಗಿ ಆಟಿಯಲ್ಲಿ ತಿನ್ನಲು ಏನೂ ಇಲ್ಲ ಅನ್ನುವ ಹಾಗಿಲ್ಲ. ಬೇಲಿಯ ಬದಿಯಲ್ಲಿ ಕೆಸು ಇದೆ, ಪತ್ರೊಡೆ ಮಾಡಿ. ತಜಂಕ್ (ಚಗಟೆ) ಸೊಪ್ಪು ತಾನಾಗಿ ಎದ್ದಿರುತ್ತದೆ. ಕಣಿಲೆಯನ್ನು (ಎಳೆ ಬಿದಿರನ್ನು) ಹೆಚ್ಚಿ ಎರಡು ಮೂರು ದಿನ ನೀರು ಬದಲಾಯಿಸುತ್ತಾ ಇಟ್ಟ ಮೇಲೆಯೇ ಬೇಯಿಸಿ.

ಸೋಣದಿಂದ ದೀಪಾವಳಿಗೆ

ಆಟಿ ಕಳೆದರೆ ಸೋಣ ತಿಂಗಳು. ಮಳೆಯ ಬಿರುಸು ಇಳಿಯಿತು ಅನ್ನಿಸಿದ ಕೂಡಲೇ ಬೇಸಿಗೆಯ ಕೆಲಸ ಶುರು. ಸೆಪ್ಟೆಂಬರ್ ಕೊನೆಗೆ ಬುಡ ಬಿಡಿಸಿ ಹಟ್ಟಿಗೊಬ್ಬರ ಹಾಕಿ, ಮೇಲೆ ಸೊಪ್ಪು ಮುಚ್ಚಿ. ನಮ್ಮದು ಕೆಂಪು ಮುರ (ಜಂಬಿಟ್ಟಿಗೆ) ಮಣ್ಣು, ಹುಳಿ ಜಾಸ್ತಿ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಮಣ್ಣಿನ ಪರೀಕ್ಷೆಯ ಬಗ್ಗೆ ಕೇಳಿ. ಸುಣ್ಣ ಎಷ್ಟು ಬೇಕು ಅನ್ನುವುದನ್ನು ಪರೀಕ್ಷೆಯ ಮೇಲೆ ತೀರ್ಮಾನಿಸಿ, ಪಕ್ಕದ ತೋಟದವರು ಹಾಕಿದರು ಅಂತ ಸುಮ್ನೆ ಸುರಿಯಬೇಡಿ.

ತರಕಾರಿಗೆ ಇದು ಒಳ್ಳೆಯ ಕಾಲ. ಹರಿವೆ, ಅಲಸಂಡೆ, ಬಸಳೆ, ಬದನೆ ಎಲ್ಲ ಬರುತ್ತವೆ. ಕಟಪಾಡಿ ಹತ್ತಿರದ ಮಟ್ಟುವಿನ ಗುಳ್ಳಕ್ಕೆ, ಅಂದರೆ ಅಲ್ಲಿಯ ಗುಂಡು ಬದನೆಗೆ, 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಿದೆ. ಅದರ ಸಸಿಯನ್ನು ನಾನೂ ನೆಟ್ಟು ನೋಡಿದೆ. ಕಾಯಿ ಬಂತು, ಆದರೆ ಮಟ್ಟುವಿನ ಮರಳು ಮಣ್ಣಿನ ಆ ರುಚಿ ಬರಲಿಲ್ಲ. ಅದನ್ನು ಅಲ್ಲಿಯವರ ಹತ್ತಿರವೇ ಕೊಳ್ಳುವುದು ಸರಿ ಅಂತ ಈಗ ಬಿಟ್ಟಿದ್ದೇನೆ. ಮಲ್ಲಿಗೆ ಹಾಗಲ್ಲ. ಮಲ್ಲಿಗೆ ವ್ಯಾಪಾರದ ಊರು ಶಂಕರಪುರ ನಮಗೆ ಹತ್ತಿರ, ಹತ್ತು ಗಿಡ ಇದ್ದರೂ ಹೂವಿಗೆ ದಾರಿ ಇದೆ. ಆದರೆ ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ದಿನಾ ಕಟ್ಟಲು ಮನೆಯಲ್ಲಿ ಕೈಗಳಿವೆಯೇ ಅಂತ ನೋಡಿಕೊಂಡು ಗಿಡ ನೆಡಿ.

ಅಂಗಳ ಮಾಡುವುದು ದೀಪಾವಳಿಯ ಮೊದಲು. ಮಳೆಗೆ ಪಾಚಿ ಹಿಡಿದ ಅಂಗಳವನ್ನು ಕೆತ್ತಿ, ಹೊಸ ಮಣ್ಣು ಹಾಕಿ, ನೀರು ಹಾಕಿ ಹೊಡೆದು ಗಟ್ಟಿ ಮಾಡಿ, ಸೆಗಣಿ ಸಾರಿಸಿ. ಇದೇ ಅಂಗಳದಲ್ಲಿ ಅಡಿಕೆ ಒಣಗಬೇಕು. ಹಣ್ಣಡಿಕೆ ಒಣಗಿ ಚಾಲಿ ಅಡಿಕೆಯಾಗಲು ನಲುವತ್ತರಿಂದ ನಲುವತ್ತೈದು ಬಿಸಿಲು ಬೇಕು. ನಡುವೆ ಅಕಾಲ ಮಳೆಗೆ ನೆನೆದರೆ ಒಳಗೆ ಕಪ್ಪಾಗಿ ಬೆಲೆ ಬೀಳುತ್ತದೆ. ಟಾರ್ಪಾಲ್ ಅಂಗಳದ ಬದಿಯಲ್ಲೇ ಮಡಚಿಟ್ಟಿರಬೇಕು.

ನವೆಂಬರ್ ಹೊತ್ತಿಗೆ ತೋಡಿನ ನೀರು ಇಳಿಯುತ್ತದೆ. ಆಗ ಕಟ್ಟ ಕಟ್ಟಬೇಕು. ಊರಿನವರು ಸೇರಿ ಕಲ್ಲು, ಮಣ್ಣು, ಅಡಿಕೆ ಮರದ ಕಾಂಡ ಹಾಕಿ ತೋಡಿಗೆ ಅಡ್ಡ ಕಟ್ಟುತ್ತಾರೆ. ಕಿಂಡಿ ಅಣೆಕಟ್ಟು ಇದ್ದಲ್ಲಿ ಹಲಗೆ ಹಾಕುತ್ತಾರೆ. ಆ ದಿನ ನೀವೂ ಹಾರೆ ಹಿಡಿದು ಹೋಗಿ. ಕಟ್ಟ ನಿಂತರೆ ಸುತ್ತಲಿನ ಬಾವಿಗಳೆಲ್ಲ ಏಪ್ರಿಲ್ ತನಕ ಉಸಿರಾಡುತ್ತವೆ. ನಿಮ್ಮ ಬಾವಿಯೂ ಅದರಲ್ಲಿ ಒಂದು. ಹೊಸಬರು ಊರಿನವರಾಗುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ನಮಗೆ ಮರ ಹತ್ತುವವರ ಫೋನ್ ನಂಬರ್, ಬಸಳೆಯ ಬಳ್ಳಿ, ಕರು ಹಾಕಿದ ಮನೆಯ ಗಿಣ್ಣು ಎಲ್ಲ ಸಿಕ್ಕಿದ್ದು ಆ ತೋಡಿನ ದಂಡೆಯಲ್ಲೇ.

ನೀರು ಅಳೆದು ಬಳಸುವ ತಿಂಗಳುಗಳು

ಡ್ರಿಪ್ ಇದ್ದರೆ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಇನ್ನೂರು ಮರ ಇದ್ದರೆ ದಿನಕ್ಕೆ ನಾಲ್ಕು ಸಾವಿರ ಲೀಟರ್ ಒಳಗೆ ಆಗುತ್ತದೆ. ನಿಮ್ಮ ಬಾವಿ ಅಷ್ಟು ಕೊಡುತ್ತದೆಯೇ ಅಂತ ನೋಡದೆ ಸಸಿ ತರಬೇಡಿ. ತೆಂಗಿನ ಬುಡಕ್ಕೆ ತೆಂಗಿನಕಾಯಿ ಸಿಪ್ಪೆಯನ್ನು ಬೆನ್ನು ಮೇಲಾಗಿ ಕವುಚಿ ಹಾಸಿ, ತೇವ ನಿಲ್ಲುತ್ತದೆ.

ನೀರು ಸಾಲದು ಅಂತ ಕೂಡಲೇ ಬೋರ್‌ವೆಲ್‌ಗೆ ಓಡಬೇಡಿ. ಮುರಕಲ್ಲಿನ ಗುಡ್ಡೆಗೆ ಅಡ್ಡವಾಗಿ ಕೊರೆಯುವ ಸುರಂಗ ನಮ್ಮ ಜಿಲ್ಲೆಗಳ ಹಳೆಯ ವಿದ್ಯೆ. ದಕ್ಷಿಣ ಕನ್ನಡದ ಅಡ್ಯನಡ್ಕ ಸಮೀಪದ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಸುರಂಗ ಕೊರೆದರು. ಕೆಲವು ಸುರಂಗಗಳಲ್ಲಿ ನೀರು ಸಿಗದಿದ್ದರೂ ಬಿಡಲಿಲ್ಲ. ಕೊನೆಗೆ ಬಂದ ನೀರಿನಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎಲ್ಲರ ಜಾಗಕ್ಕೂ ಸುರಂಗ ಆಗುವುದಿಲ್ಲ. ಆದರೆ ಜಾಗದಲ್ಲಿ ಹಳೆಯ ಸುರಂಗವೋ ಮದಕವೋ (ಮಳೆ ನೀರು ನಿಲ್ಲುವ ಕೆರೆ) ಇದ್ದರೆ ಮುಚ್ಚಿಸಬೇಡಿ, ಹೂಳು ತೆಗೆಸಿ.

ಫೆಬ್ರವರಿಯಲ್ಲಿ ಕೆಡ್ಡಸ ಬರುತ್ತದೆ. ಭೂಮಿ ತಾಯಿ ಮುಟ್ಟಾಗುವ ಮೂರು ದಿನ. ಅಗೆಯುವುದು, ಉಳುವುದು, ಹಸಿ ಗಿಡ ಕಡಿಯುವುದು ಇಲ್ಲ. ಕೆಲಸದವರನ್ನು ಆ ದಿನಗಳಿಗೆ ಹೇಳಬೇಡಿ, ಬರುವುದಿಲ್ಲ, ಬರಬಾರದು ಕೂಡ. ನಮ್ಮ ಮನೆಯಲ್ಲಿ ಆ ಮೂರು ದಿನ ಹಾರೆ-ಪಿಕ್ಕಾಸು ತೊಳೆದು ಎಣ್ಣೆ ಹಚ್ಚಿ ಗೋಡೆಗೆ ಒರಗಿಸಿಡುತ್ತೇವೆ.

ಮಾರ್ಚ್‌ನಿಂದ ವಾರಕ್ಕೊಮ್ಮೆ ಬಾವಿಯ ನೀರು ಅಳೆಯಿರಿ. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಇಳಿಸಿದರೆ ಆಯಿತು. ಬೆಳಿಗ್ಗೆ ಪಂಪ್ ಹಾಕುವ ಮೊದಲು ಎಷ್ಟು ಗಂಟು ಒದ್ದೆಯಾಯಿತು ಅಂತ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ನಮ್ಮ ಬಾವಿಯಲ್ಲಿ ನಾಲ್ಕು ಗಂಟಿಗೆ ಇಳಿದರೆ ಮೊದಲು ತರಕಾರಿಗೆ ನೀರು ನಿಲ್ಲಿಸುತ್ತೇವೆ, ಆಮೇಲೆ ಬಾಳೆಗೆ. ಅಡಿಕೆಗೆ ಎರಡು ದಿನಕ್ಕೊಮ್ಮೆ ಮಾಡುತ್ತೇವೆ. ದನಕ್ಕೆ ಮತ್ತು ಅಂಗಳದ ತುಳಸಿಗೆ ಇವತ್ತಿನ ತನಕ ಕಡಿಮೆ ಮಾಡಿಲ್ಲ.